ಗದೀರ್‌ನಿಂದ ಗುಹೆಯವರೆಗೆ ಒಂದು ಮದುವೆ

ಬಗ್ದಾದಿನ ಕರ್ಖ್ ಕೇರಿಯಲ್ಲಿ ಎಳ್ಳೆಣ್ಣೆ ಮಾರುವ ಮೈಸಮನ ಮಗಳು ಜುಮಾನಾಳಿಗೆ ಪ್ರೀತಿ ಹುಟ್ಟಿದ್ದು ಜಗಳದಿಂದ. ಅವಳ ಜಗಳದಿಂದಲ್ಲ, ಅವಳಪ್ಪನ ಜಗಳದಿಂದ.

ದಿನಾ ಬೆಳಗ್ಗೆ ಪಕ್ಕದ ಬಸ್ರಾಬಾಗಿಲ ಕೇರಿಯಿಂದ ಜಿಲೇಬಿ ಅಂಗಡಿಯ ಅಬೂ ತಲ್ಹಾ, ಮಗ ತಲ್ಹಾನ ಹೆಗಲಿಗೆ ಖಾಲಿ ಜಾಡಿ ಹೊರಿಸಿಕೊಂಡು ಎಣ್ಣೆಗೆ ಬರುತ್ತಿದ್ದ. ಒಂದು ಜಾಡಿ ತುಂಬಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ? ಆದರೆ ಮೈಸಮ್ ಶಿಯಾ, ಅಬೂ ತಲ್ಹಾ ಸುನ್ನಿ. ಪ್ರವಾದಿಗಳು ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಯಾರು ನಿಲ್ಲಬೇಕಿತ್ತು, ಅಳಿಯ ಅಲಿಯವರೋ, ಗೆಳೆಯ ಅಬೂಬಕರರೋ ಎಂಬ ಮಾತೆತ್ತದೆ ಇಬ್ಬರಿಗೂ ಜಾಡಿಯ ಮುಚ್ಚಳ ಹಾಕಲು ಆಗುತ್ತಿರಲಿಲ್ಲ. ಹತ್ತಿರ ಹತ್ತಿರ ನಾನೂರು ವರ್ಷದ ಹಿಂದೆ ಮದೀನಾದಲ್ಲಿ ನಡೆದದ್ದನ್ನು ನಿನ್ನೆ ತಮ್ಮ ಜಗಲಿಯ ಮೇಲೇ ನಡೆಯಿತೇನೋ ಎಂಬಂತೆ ಕೂಗಾಡುತ್ತಿದ್ದರು. ಒಬ್ಬ ವಾಕ್ಯ ಮುಗಿಸುವ ಮುಂಚೆ ಇನ್ನೊಬ್ಬ ಬಾಯಿ ಹಾಕುತ್ತಿದ್ದ. ಇಬ್ಬರ ಗಡ್ಡವೂ ಎಗರುತ್ತಿತ್ತು. ಆ ಹೊತ್ತಿನಲ್ಲಿ ಜಾಡಿಗಳ ಈ ಬದಿಯಲ್ಲಿ ಜುಮಾನಾ, ಆ ಬದಿಯಲ್ಲಿ ತಲ್ಹಾ, ಮಾಡಲು ಬೇರೆ ಕೆಲಸವಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿರುತ್ತಿದ್ದರು. ಅಪ್ಪಂದಿರು ಒಂದೇ ಒಂದು ದಿನ ರಾಜಿಯಾಗಿದ್ದರೂ ಈ ಕತೆ ಹುಟ್ಟುತ್ತಿರಲಿಲ್ಲ.

ಹುಡುಗನ ಹೆಸರೇ ಒಂದು ದೊಡ್ಡ ತಲೆನೋವಾಗಿತ್ತು. ಒಂಟೆಯ ಯುದ್ಧದಲ್ಲಿ ಅಲಿಯವರಿಗೆ ಎದುರಾಗಿ ನಿಂತವರಲ್ಲಿ ಒಬ್ಬರ ಹೆಸರು ತಲ್ಹಾ. ಆ ಹೆಸರನ್ನು ಮೈಸಮ್ ತನ್ನ ಬಾಯಿಂದ ಆಡಿದವನೇ ಅಲ್ಲ. ಹುಡುಗನನ್ನು 'ಏ ಜಾಡಿ' ಎನ್ನುತ್ತಿದ್ದ. ಅಬೂ ತಲ್ಹಾ ಎಂದರೆ 'ತಲ್ಹಾನ ಅಪ್ಪ', ಅಲ್ಲೂ ಅದೇ ಹೆಸರು ಬರುತ್ತದಲ್ಲ, ಅದಕ್ಕೆ ಅವನನ್ನು 'ಏ ಜಿಲೇಬಿ' ಎನ್ನುತ್ತಿದ್ದ. ಅವನೂ ಸುಮ್ಮನಿರದೆ ಇವನನ್ನು 'ಏ ಎಣ್ಣೆ' ಎನ್ನುತ್ತಿದ್ದ.

ತಾಯಿಯಿಲ್ಲದ ಜುಮಾನಾಳನ್ನು ಸಾಕಿದವಳು ಮೈಸಮನ ಅಕ್ಕ ಖೌಲಾ. ಸೋದರತ್ತೆಯ ಕಣ್ಣಿಗೆ ಮಣ್ಣೆರಚುವುದು ಸುಲಭವೇ? ವಿಷಯ ತಿಳಿದದ್ದೇ ತಡ, ಎರಡೂ ಮನೆಗೆ ನುಗ್ಗಿ, ಬೈದು, ಅತ್ತು, ಹೆದರಿಸಿ, ಹೇಗೋ ಸಂಬಂಧ ಒಪ್ಪಿಸಿದಳು. ಒಪ್ಪಿದ್ದೂ ಆಯಿತು. ದಿನ ಗೊತ್ತುಮಾಡಲು ಕೂತಾಗ ಎಲ್ಲ ಕೆಟ್ಟಿತು.

"ಗದೀರ್ ದಿನಾನೇ ನಿಕಾಹ್. ಪ್ರವಾದಿಗಳು ಅಲಿಯವರ ಕೈ ಎತ್ತಿ ಹಿಡಿದ ದಿನ ಕಣಯ್ಯಾ! ಅದಕ್ಕಿಂತ ಒಳ್ಳೆ ಗಳಿಗೆ ಎಲ್ಲಿಂದ ತರ್ತೀಯ?" ಎಂದ ಮೈಸಮ್.

"ಆಗೋ ಮಾತಲ್ಲ ಅದು," ಎಂದ ಅಬೂ ತಲ್ಹಾ. "ಶತ್ರುಗಳು ಬೆನ್ನು ಹತ್ತಿದಾಗ ಗುಹೆಯಲ್ಲಿ ಪ್ರವಾದಿಗಳ ಜೊತೆ ಕೂತಿದ್ದು ಯಾರು? ಅಬೂಬಕರರು. ಗುಹೆ ಹಬ್ಬದ ದಿನ ಬಿಟ್ಟು ನನ್ನ ಮಗನ ಮದುವೆ ಬೇರೆ ದಿನ ಆಗಲ್ಲ."

"ಥೂ, ಮೊನ್ನೆ ಮೊನ್ನೆ ಹುಟ್ಟಿದ ಹಬ್ಬ! ನಮ್ಮ ಡೇರೆ ನೋಡಿ, ನಮ್ಮ ಡೋಲು ಕೇಳಿ ಹೊಟ್ಟೆ ಉರಿದು, ಎಂಟು ದಿನ ಬಿಟ್ಟು ನಕಲು ಹೊಡೆದ್ರಿ!"

"ನಿಮ್ಮ ಡೋಲೇನು ನೂಹರ ನಾವೆಯಿಂದ ಇಳಿದು ಬಂತಾ? ನಾನು ಹುಡುಗನಾಗಿದ್ದಾಗ ಈ ಬೀದೀಲಿ ಒಂದು ತಮಟೆ ಸದ್ದೂ ಇರ್ಲಿಲ್ಲ, ಹೋಗಯ್ಯಾ!"

ಎರಡೂ ಹಬ್ಬ ಒಂದೇ ತಿಂಗಳಲ್ಲಿ ಬರುತ್ತವೆ. ಅದು ಕಳೆದರೆ ಮುಹರ್ರಂ. ಕರ್ಖಿನಲ್ಲಿ ಶೋಕದ ಕಾಲ, ಮದುವೆಯ ಮಾತೇ ಇಲ್ಲ. ಅಬೂ ತಲ್ಹಾ ಎದ್ದು ನಿಂತು ಜುಬ್ಬಾ ಕೊಡವಿದ. "ನೋಡು ಎಣ್ಣೆ, ವಾಸಿತ್ ಊರಿಂದ ನನ್ನ ತಮ್ಮ ಮಗಳನ್ನ ಕೊಡ್ತೀನಿ ಅಂತ ಹೇಳಿ ಕಳಿಸ್ತಾನೇ ಇದ್ದಾನೆ. ಈ ತಿಂಗಳು ಆಗದಿದ್ರೆ ನಾನು ಅವನಿಗೆ ಹೂಂ ಅಂದುಬಿಡ್ತೀನಿ."

"ಅನ್ನು, ಯಾರು ಬೇಡ ಅಂದ್ರು?" ಎಂದ ಮೈಸಮ್.

ಜಾಡಿಗಳ ಹಿಂದೆ ನಿಂತಿದ್ದ ಜುಮಾನಾಳಿಗೆ ತಲ್ಹಾನಿಲ್ಲದ ಬೆಳಗನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಸಂಕಟ ಸಿಟ್ಟಾಗಿ ತಿರುಗಿ, ಎಂದೂ ಹಿರಿಯರ ನಡುವೆ ಬಾಯಿ ಬಿಡದವಳು ಸೀದಾ ಮುಂದೆ ಬಂದು ನಿಂತಳು.

"ಅಪ್ಪಾ, ಇಷ್ಟು ವರ್ಷ ಕೂಗಾಡಿದ್ದೀಯಲ್ಲ, ಅವರು ಹೇಳೋದು ಏನು ಅಂತ ನಿಂಗೆ ಗೊತ್ತಾ?"

"ಗೊತ್ತಿಲ್ದೆ ಏನು? ಎಲ್ಲಾ ತಪ್ಪು!"

"ತಪ್ಪೋ ಸರಿಯೋ ಕೇಳ್ಲಿಲ್ಲ ನಾನು. ಅವರು ಹೇಳೋ ಹಾಗೇ ಹೇಳಕ್ಕೆ ಬರತ್ತಾ? ಮಾಮ, ನಿಮಗೆ ಬರತ್ತಾ ನಮ್ಮಪ್ಪ ಹೇಳೋದು? ಒಬ್ಬರ ಕತೆ ಇನ್ನೊಬ್ಬರು ಹೇಳಿ. ಕತೆ ಯಾರದೋ ಅವರೇ 'ಹೌದು, ಹೀಗೇ' ಅಂತ ತಲೆ ಆಡಿಸ್ಬೇಕು. ಯಾರು ಚೆನ್ನಾಗಿ ಹೇಳ್ತಾರೋ ಅವರು ಕೇಳಿದ ದಿನ ಮದುವೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವನಾ? ಇವನ ಬಾಯಲ್ಲಿ ಗದೀರಾ?" ಎಂದು ಒಬ್ಬ, "ಅಬೂಬಕರರನ್ನ ಆರಿಸಿದ ಸಖೀಫಾ ಚಾವಡಿ ಹೆಸರೆತ್ತಿದ್ರೆ ಇವನ ನಾಲಿಗೆ ಸುಟ್ಟೇ ಹೋಗತ್ತೆ" ಎಂದು ಇನ್ನೊಬ್ಬ. ನಗುತ್ತಲೇ ಒಪ್ಪಿದರು.

ಶುಕ್ರವಾರ ನಮಾಜು ಮುಗಿದ ಮೇಲೆ ಮೈಸಮನ ಅಂಗಳದಲ್ಲಿ ಚಾಪೆ ಹಾಸಿದರು. ಅಂಗಡಿ ನೋಡಿಕೊಳ್ಳಲು ತಲ್ಹಾ ಬಸ್ರಾಬಾಗಿಲಲ್ಲೇ ಉಳಿದಿದ್ದ. ಖೌಲಾ ಹರೀಸದ ಹಂಡೆ ಒಲೆಯ ಮೇಲಿಟ್ಟು, ಗೋಧಿ ಮಾಂಸ ಕಲಕುವ ಉದ್ದನೆಯ ಸೌಟನ್ನು ಕೈಯಲ್ಲಿ ಹಿಡಿದೇ ನ್ಯಾಯಕ್ಕೆ ಕೂತಳು.

ಅಬೂ ತಲ್ಹಾ ಗಂಟಲು ಸರಿಮಾಡಿಕೊಂಡ. "ಪ್ರವಾದಿಗಳು ಕೊನೇ ಹಜ್ ಮುಗಿಸಿ ವಾಪಸ್ ಬರ್ತಾ ಗದೀರ್ ಕೊಳದ ಹತ್ರ ನಿಂತು, ಅಲಿಯವರ ಕೈ ಎತ್ತಿ, ಇವರನ್ನ ಎಲ್ರೂ ಪ್ರೀತಿಯಿಂದ ನೋಡ್ಕೊಳ್ಳಿ ಅಂದ್ರು..."

"ನಿಲ್ಸು!" ಮೈಸಮ್ ಚಾಪೆಯಿಂದ ಹಾರಿ ಎದ್ದ. "ಪ್ರೀತಿಯಂತೆ ಪ್ರೀತಿ! ಅದು ನಿಮ್ಮ ಕೇರಿಯವರು ಹೇಳೋದು. ನಾವು ಹೇಳೋದು, ನನ್ನ ನಂತರ ಇವರೇ ಅಂತ ಎಲ್ಲರೆದುರು ನೇಮಿಸಿದ್ರು ಅಂತ!"

ಸೌಟು ಹಂಡೆಗೆ ಬಡಿಯಿತು. "ಜಿಲೇಬಿ ಸೋತ. ಈಗ ನೀನು ಹೇಳೋ," ಎಂದಳು ಖೌಲಾ ತಮ್ಮನಿಗೆ.

"ಪ್ರವಾದಿಗಳು ತೀರಿಕೊಂಡ್ರು. ಮನೇಲಿ ದೇಹ ಇನ್ನೂ ಇರುವಾಗ್ಲೇ ಅಬೂಬಕರರು ಅಧಿಕಾರಕ್ಕೆ ಅಂತ ಸಖೀಫಾ ಚಾವಡಿಗೆ ಓಡಿ ಹೋಗಿ..."

"ಓಡಿ ಹೋದ್ರಂತೆ! ಅಧಿಕಾರಕ್ಕಂತೆ! ಕೇಳಿದ್ಯಾ ಖೌಲಾ, ಇವನ ಬಾಯಿಗೆ ಬೂದಿ ತುರುಕು!"

ಹೀಗೇ ಸೌಟು ಬಡಿದು ಬಡಿದು ಹಂಡೆಯ ಅಂಚು ನೆಗ್ಗಿತು. ಜುಮಾನಾ ಮೂಲೆಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ವಾಸಿತ್ ಊರಿನ ಆ ಹುಡುಗಿ ಕೈಗೆ ಗೋರಂಟಿ ಹಚ್ಚಿಕೊಂಡು ಕೂತಿರುವುದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ನಾನೇ ನನ್ನ ಮದುವೆಯನ್ನು ಹಾಳು ಮಾಡಿಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಆಗ ಅಬೂ ತಲ್ಹಾ ಕಣ್ಣು ಮುಚ್ಚಿದ. ಈ ಸಲ ದನಿ ತಗ್ಗಿಸಿ ಶುರುಮಾಡಿದ.

"ಮಟಮಟ ಮಧ್ಯಾಹ್ನ. ನೆಲ ಎಷ್ಟು ಕಾದಿತ್ತು ಅಂದ್ರೆ ಜನ ಮೇಲುಬಟ್ಟೆ ತೆಗೆದು ಕಾಲ ಕೆಳಗೆ ಹಾಕ್ಕೊಂಡಿದ್ರು. ಮುಂದೆ ಹೋದವರನ್ನ ವಾಪಸ್ ಕರೆಸಿದ್ರು. ಹಿಂದೆ ಉಳಿದವರಿಗೆ ಕಾದ್ರು. ಪ್ರೀತಿಸಿ ಅಂತ ಹೇಳೋಕೆ ಯಾರಾದ್ರೂ ಅಂಥಾ ಬಿಸಿಲಲ್ಲಿ ಅಷ್ಟು ಜನಾನ ನಿಲ್ಲಿಸ್ತಾರಾ? ಒಂಟೆ ಜೀನುಗಳನ್ನ ಪೇರಿಸಿ ಮೇಲೆ ಹತ್ತಿ, ಅಲಿಯವರ ಕೈ ಎತ್ತಿ ಹಿಡಿದು, ನಾನು ಯಾರಿಗೆ ಒಡೆಯನೋ ಇವರೂ ಅವರಿಗೆ ಒಡೆಯ ಅಂದ್ರು. ಆಮೇಲೆ ಕಾಯಿಲೆ ಬಿದ್ದಾಗ ಬರೆಯೋಕೆ ತನ್ನಿ, ನೀವು ದಾರಿ ತಪ್ಪದ ಹಾಗೆ ಬರೆಸ್ತೀನಿ ಅಂದ್ರು. ನೋವಲ್ಲಿದ್ದಾರೆ, ಈಗ ಬೇಡ ಅಂತ ಒಬ್ರು ಅಂದ್ರು. ಗಲಾಟೆ ಆಯ್ತು. ಬರೀಲೇ ಇಲ್ಲ. ತೀರಿಕೊಂಡ ಮೇಲೆ ಉಳಿದವರೆಲ್ಲ ನಾಯಕ ಯಾರು ಅಂತ ಮಾತಾಡ್ತಿದ್ದಾಗ ಅಲಿಯವರು ಎಲ್ಲಿದ್ರು? ಪ್ರವಾದಿಗಳ ದೇಹಕ್ಕೆ ಸ್ನಾನ ಮಾಡಿಸ್ತಾ ಇದ್ರು. ಆ ಕೈಗಳಿಗೆ ಚಾವಡಿಗೆ ಹೋಗೋ ಬಿಡುವು ಇರ್ಲಿಲ್ಲ."

ಗೋಡೆಯಾಚೆಯಿಂದ ಬಿಕ್ಕುವ ಸದ್ದು ಕೇಳಿಸಿತು. ನೋಡಿದರೆ ಕರ್ಖಿನ ಅರ್ಧ ಬೀದಿ ಗೋಡೆಗೆ ಕಿವಿ ಹಚ್ಚಿ ನಿಂತಿತ್ತು. ಒಳಗೆ ಯಾರು ಹೇಳುತ್ತಿದ್ದಾರೆಂದು ಯಾರಿಗೂ ಕಾಣದು. "ಆಹಾ! ಹೇಳಿದ್ರೆ ಹೀಗೆ ಹೇಳ್ಬೇಕು!" ಎಂದು ಕೂಗಿದರು.

ಮೈಸಮನ ಗಡ್ಡವೆಲ್ಲ ಒದ್ದೆಯಾಗಿತ್ತು. "ಹೌದು... ಹೀಗೇ," ಎಂದ. ಆಮೇಲೆ ಅನುಮಾನದಿಂದ ನೋಡಿದ. "ಏ ಜಿಲೇಬಿ, ನೀನು ನನಗೆ ಒಂದು ದಿನಾನೂ ಕೊನೇ ತನಕ ಹೇಳೋಕೆ ಬಿಟ್ಟಿಲ್ವಲ್ಲೋ. ಇಷ್ಟೆಲ್ಲ ನಿಂಗೆ ಹೆಂಗೆ ಗೊತ್ತು?"

"ನೀನು ಒಂದೊಂದು ದಿನ ಒಂದೊಂದು ಚೂರು ಹೇಳ್ತಿದ್ದೆ. ನಾನು ಬಾಯಿ ಹಾಕ್ತಿದ್ದೆ, ಕಿವಿ ಮುಚ್ಕೋತಿರ್ಲಿಲ್ಲ," ಎಂದ ಅಬೂ ತಲ್ಹಾ. "ಮನೆಗೆ ಹೋಗಿ ನನ್ನ ಹೆಂಡತಿಗೆ ಹೇಳ್ತಿದ್ದೆ, ಇವತ್ತು ಎಣ್ಣೆ ಹೀಗಂದ ನೋಡು ಅಂತ. ಅವಳಿಗೆ ಅದನ್ನ ಕೇಳದಿದ್ರೆ ಊಟ ಸೇರ್ತಿರ್ಲಿಲ್ಲ. ಅವಳು ಹೋದ್ಮೇಲೆ... ನೀನು ಬಿಟ್ರೆ ನಂಜೊತೆ ಇಷ್ಟೊತ್ತು ಮಾತಾಡೋರು ಯಾರಯ್ಯಾ ಇದಾರೆ?"

ಮೈಸಮ್ ತಲೆಗೆ ಸುತ್ತಿದ್ದ ಬಟ್ಟೆಯಲ್ಲಿ ಮೂಗು ಒರೆಸಿಕೊಂಡು, ಮೊಣಕಾಲೂರಿ ಕೂತು, ತಾನೂ ಶುರುಮಾಡಿದ.

"ಗುಹೆ ಬಾಯಿ ಹತ್ರ ಶತ್ರುಗಳ ಕಾಲು ಕಾಣಿಸ್ತಿತ್ತು. ಬಗ್ಗಿ ನೋಡಿದ್ರೆ ಮುಗೀತು. ಅಬೂಬಕರರು ನಡುಗಿದ್ದು ತಮ್ಮ ಜೀವಕ್ಕಲ್ಲ, ಪಕ್ಕದಲ್ಲಿದ್ದವರ ಜೀವಕ್ಕೆ. ಕಾಯಿಲೆ ಬಿದ್ದಾಗ ಪ್ರವಾದಿಗಳು ನಮಾಜಿಗೆ ಮುಂದೆ ನಿಲ್ಲೋಕೆ ಯಾರನ್ನ ಹೇಳಿದ್ರು? ಅವರನ್ನೇ. ಅಪ್ಪನದು ಮೆತ್ತನೆ ಮನಸ್ಸು, ಅತ್ತುಬಿಡ್ತಾರೆ ಅಂತ ಅಬೂಬಕರರ ಮಗಳೇ ಅಂದ್ರೂ, ಇಲ್ಲ ಅವರೇ ನಿಲ್ಲಲಿ ಅಂದ್ರು. ಕೊನೇಲಿ ಪ್ರವಾದಿಗಳು ತೀರಿಕೊಂಡು ಎಲ್ರೂ ದಿಕ್ಕು ತೋಚದೆ ಕೂತಾಗ, ಅವರು ಬಂದು ಗೆಳೆಯನ ಹಣೆಗೆ ಮುತ್ತಿಟ್ಟು, ಹೊರಗೆ ಹೋಗಿ ಜನರಿಗೆ ಧೈರ್ಯ ಹೇಳಿದ್ರು. ಅಷ್ಟರಲ್ಲಿ ಸಖೀಫಾದಲ್ಲಿ ಮದೀನಾದವರು, ನಮಗೊಬ್ಬ ನಾಯಕ ನಿಮಗೊಬ್ಬ ನಾಯಕ ಅಂತ ಶುರುಮಾಡಿದ್ರು. ಹೋಗದಿದ್ರೆ ಸಂಜೆಯೊಳಗೆ ಮನೆ ಎರಡಾಗ್ತಿತ್ತು. ಹೋದ್ರು. ಹೋಗಿ, ನನ್ನನ್ನ ಆರಿಸಿ ಅಂದ್ರಾ? ಇಲ್ಲ. ಪಕ್ಕದಲ್ಲಿದ್ದ ಇಬ್ಬರನ್ನ ತೋರಿಸಿ, ಇವರಲ್ಲಿ ಒಬ್ಬರು ಆಗ್ಲಿ ಅಂದ್ರು. ನೀವಿರುವಾಗ ನಾವಾ ಅಂತ ಅವರೇ ಇವರ ಕೈ ಹಿಡಿದ್ರು. ಮನೆ ಒಡೀದೆ ಉಳೀತು."

"ಹೌದು ಕಣೋ," ಎಂದು ಅಬೂ ತಲ್ಹಾ ಮಗುವಿನಂತೆ ಅತ್ತ. "ಹೀಗೇ!"

ಅಷ್ಟರಲ್ಲಿ ಬಾಗಿಲು ಧಡಧಡ ಬಡಿಯಿತು. ಈಗ ತಾನೇ ಆಹಾ ಎಂದಿದ್ದ ಬೀದಿಯೇ ಈಗ ಹೂಂಕರಿಸುತ್ತಿತ್ತು. "ಮೈಸಮ್! ಕರ್ಖಿನ ನಡುಮಧ್ಯೆ ಸಖೀಫಾ ಹೊಗಳಿದ ನಾಲಿಗೆ ಯಾರ್ದು? ಹೊರಗೆ ಬಾ!"

ಮೈಸಮನ ಮುಖ ಬಿಳಿಚಿತು. ನನ್ನದೇ ಎಂದರೆ ನಾಳೆಯಿಂದ ಈ ಬೀದಿಯಲ್ಲಿ ಅವನ ಎಣ್ಣೆ ಮುಟ್ಟುವವರಿಲ್ಲ, ಮಗಳ ಮದುವೆಗೆ ಬರುವವರೂ ಇಲ್ಲ. ಜುಮಾನಾ ಅಪ್ಪನ ತೋಳು ಹಿಡಿದುಕೊಂಡಳು. ಅವರಿಬ್ಬರೂ ಏಳುವ ಮುಂಚೆ ಅಬೂ ತಲ್ಹಾ ಹೋಗಿ ಬಾಗಿಲು ತೆರೆದ.

"ನನ್ನದು ಕಣ್ರಪ್ಪಾ! ಬಸ್ರಾಬಾಗಿಲ ಜಿಲೇಬಿಯವನು. ಅಭ್ಯಾಸಬಲ, ಬಾಯಿ ತಡೀಲಿಲ್ಲ."

ಒಂದು ಕೊಳೆತ ಬದನೆಕಾಯಿ ಬಂದು ಅವನ ಹಣೆಗೆ ಬಡಿದು ಒಡೆಯಿತು.

"ಹಾಗಾದ್ರೆ ಮುಂಚೆ ಗದೀರ್ ಹೇಳಿದ್ದು ಯಾರು?" ಎಂದು ಕೇಳಿದ ಗುಂಪಿನಲ್ಲೊಬ್ಬ.

"ಮೈಸಮ್! ಇನ್ಯಾರು? ಅಷ್ಟು ಚೆನ್ನಾಗಿ ಇನ್ಯಾರಿಗೆ ಹೇಳಕ್ಕೆ ಬರತ್ತೆ?"

ಗುಂಪು ಖುಷಿಯಾಗಿಹೋಯಿತು. ಮೈಸಮನಿಗೆ ಜಯಕಾರ ಹಾಕಿ, ಜಿಲೇಬಿಯವನಿಗೆ ಇನ್ನೆರಡು ಮಾತು ಬೈದು, ನಗುತ್ತಾ ಚದುರಿತು.

ಅಬೂ ತಲ್ಹಾ ಹಣೆಯಿಂದ ಬದನೆ ಬೀಜ ಸುರಿಸುತ್ತಾ ಒಳಗೆ ಬಂದ. ಮೈಸಮ್ ಅವನನ್ನು ಕೂರಿಸಿ, ತನ್ನದೇ ತಲೆಬಟ್ಟೆ ಬಿಚ್ಚಿ ಮುಖ ಒರೆಸಿದ. ಒರೆಸುತ್ತಾ ಒರೆಸುತ್ತಾ ನಗು ಬಂತು. ಇವನಿಗೆ ಬಂದದ್ದು ಅವನಿಗೂ ಬಂತು. ಇಬ್ಬರೂ ಬಿದ್ದು ಬಿದ್ದು ನಕ್ಕರು, ಖೌಲಾ ಸೌಟು ಬಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನೀನೇ ಗೆದ್ದೆ. ಗುಹೆ ದಿನಾನೇ ಮದುವೆ ಆಗ್ಲಿ," ಎಂದ ಮೈಸಮ್.

"ಯಾರು ಹೇಳಿದ್ದು? ನೀನು ಗೆದ್ದಿದ್ದು. ಗದೀರ್ ದಿನಾನೇ!"

"ಗುಹೆ ಅಂದೆನಲ್ಲಯ್ಯಾ!"

"ಗದೀರ್ ಅಂದ್ರೆ ಗದೀರ್! ಮೊಂಡಾಟ ಮಾಡಬೇಡ!"

ಮತ್ತೆ ಗಡ್ಡಗಳು ಎಗರತೊಡಗಿದವು. "ಅಯ್ಯೋ ದೇವರೇ!" ಎಂದು ಜುಮಾನಾ ಹಣೆ ಚಚ್ಚಿಕೊಂಡಳು.

ಖೌಲಾ ಸೌಟು ಎತ್ತಿದಳು. "ಬಾಯ್ಮುಚ್ಚಿ ಇಬ್ರೂ! ಗದೀರ್ ದಿನ ಶುರು, ಗುಹೆ ದಿನ ಮುಗಿಯೋದು. ನಡುವೆ ಎಲ್ಲಾ ದಿನವೂ ಊಟ. ಎಣ್ಣೆ ನಿಂದು, ಜಿಲೇಬಿ ಅವನದು. ಇನ್ನೊಂದು ಮಾತು ಬಂದ್ರೆ ಈ ಸೌಟು ಹಂಡೆಗೆ ಬೀಳಲ್ಲ."

ಬೀಗರಿಬ್ಬರೂ ಬಾಯಿ ಮುಚ್ಚಿದರು.

ಆ ಹೊತ್ತಿಗೆ ತಲ್ಹಾ ಏದುಸಿರು ಬಿಡುತ್ತಾ ಬಂದ. ಕರ್ಖಿನಲ್ಲಿ ನಿಮ್ಮಪ್ಪನಿಗೆ ಹೊಡೀತಿದ್ದಾರೆ ಎಂದು ಯಾರೋ ಹೇಳಿದ್ದರು. ಕೈಯಲ್ಲಿ ಜಿಲೇಬಿ ತಿರುವುವ ಕಬ್ಬಿಣದ ಸಲಾಕೆ, ಅದರ ತುದಿಯಲ್ಲಿ ಇನ್ನೂ ಒಂದು ಜಿಲೇಬಿ ನೇತಾಡುತ್ತಿತ್ತು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತ.

ಮೈಸಮ್ ಅವನನ್ನು ನೋಡಿದ. 'ಏ ಜಾಡಿ' ಎನ್ನಲು ತೆರೆದ ಬಾಯಿ ಹಾಗೇ ಮುಚ್ಚಿತು. ಮುದುಕ ಬದನೆ ಮೆತ್ತಿದ ತಲೆಬಟ್ಟೆಯನ್ನು ಒಮ್ಮೆ ನೋಡಿದ, ನೆಲ ನೋಡಿದ, ಕೊನೆಗೆ ಗಂಟಲಲ್ಲಿ ಮುಳ್ಳು ಸಿಕ್ಕಿದವನಂತೆ ಕಷ್ಟಪಟ್ಟು ಹೇಳಿದ.

"ಅಲ್ಲೇ ಯಾಕೆ ನಿಂತೆ? ಒಳಗೆ ಬಾರಪ್ಪ... ತಲ್ಹಾ. ಊಟ ಮಾಡು."

ಜುಮಾನಾಳ ಕಣ್ಣಿಂದ ನೀರು ದಳದಳ ಇಳಿಯಿತು.

"ಏನಂದೆ? ಕಿವೀಲಿ ಬದನೆಕಾಯಿ ಇದೆ, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು," ಎಂದ ಅಬೂ ತಲ್ಹಾ.

"ಒಂದ್ಸಲ ಸಾಕು ಹೋಗಯ್ಯಾ! ಆದ್ರೂ ಆ ಚಾವಡಿ ವಿಷಯಕ್ಕೆ ಬಂದ್ರೆ, ನಾನು ಕೇಳೋದು ಇಷ್ಟೇ..."

"ಏನು ಕೇಳ್ತೀಯ? ಕೇಳು, ಕೇಳು!" ಎಂದು ಅಬೂ ತಲ್ಹಾ ಉತ್ಸಾಹದಿಂದ ಚಾಪೆಯ ಮೇಲೆ ಮುಂದೆ ಸರಿದು ಕೂತ.

ಜುಮಾನಾ ಕಣ್ಣೊರೆಸಿಕೊಂಡು ಹರೀಸ ಬಡಿಸಲು ಎದ್ದಳು. ತಲ್ಹಾ ಎದುರಿಗೇ ಕೂತಿದ್ದ. ಜಗಳ ಇನ್ನೂ ಈಗ ಶುರುವಾಗಿತ್ತಷ್ಟೇ, ಅವಳೂ ಅವಸರವಿಲ್ಲದೆ ಒಂದೊಂದೇ ಸೌಟು ಬಡಿಸಿದಳು.