ಕೇಕ್ ಮೇಲಿನ ಡಾಕ್ಟರ್

ನನ್ನ ಬಾಯಿ ದೊಡ್ಡದು. ಮೆಂಫಿಸ್‌ನ ನಮ್ಮ ಚರ್ಚಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಕ್ಕನ ಮಗಳು ಕೊರಿಂತಿಯಾ ಕಾಲೇಜು ಸೇರಿದ ವಾರವೇ ‘ನಮ್ಮ ಡಾಕ್ಟರ್’ ಎಂದು ಬರೆಸಿದ ಕೇಕ್ ತಂದು ಇಡೀ ಚರ್ಚಿಗೆ ಹಂಚಿದವಳು ನಾನೇ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ.

ಮೊದಲ ವರ್ಷವೇ ಹುಡುಗಿ ಕೆಮಿಸ್ಟ್ರಿಯಲ್ಲಿ ಫೇಲಾದಳು. ಮಿಕ್ಕ ವಿಷಯಗಳಲ್ಲೂ ಮುಳುಗಿ ತೇಲಿ ಹೇಗೋ ಡಿಗ್ರಿ ಮುಗಿಸಿದಳು. ನಮ್ಮ ಅಮೆರಿಕದಲ್ಲಿ ಡಿಗ್ರಿ ಮುಗಿದ ಮೇಲೇ ಮೆಡಿಕಲ್ ಓದು; ಅಂಥ ಅಂಕಗಳಿಗೆ ಯಾವ ಮೆಡಿಕಲ್ ಕಾಲೇಜು ಬಾಗಿಲು ತೆರೆಯುತ್ತದೆ? ನನ್ನ ಮನೆಯಲ್ಲೇ ಇದ್ದುಕೊಂಡು, ಆಸ್ಪತ್ರೆಯಲ್ಲಿ ರೋಗಿಗಳ ಗಾಲಿಕುರ್ಚಿ ತಳ್ಳುವ ಕೆಲಸ ಹಿಡಿದಳು. ಚರ್ಚಿಗೆ ಬರುವುದನ್ನೇ ಬಿಟ್ಟಳು. ಹಾಡಿನ ತಂಡದಲ್ಲಿ ನನ್ನ ಪಕ್ಕ ನಿಲ್ಲುವ ಒಡೆಸ್ಸಾ ಸುಮ್ಮನಿರುತ್ತಾಳೆಯೇ? "ಏನಮ್ಮಾ ಅರ್ನೆಸ್ಟೀನ್, ಎಲ್ಲಿ ನಿಮ್ಮ ಡಾಕ್ಟರಮ್ಮ? ನನ್ನ ಮಂಡಿನೋವು ತೋರಿಸ್ಬೇಕಿತ್ತು." ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಇಪ್ಪತ್ತಾರನೇ ವಯಸ್ಸಿಗೆ ಅದೇ ಹುಡುಗಿ ಸಂಜೆ ಕಾಲೇಜಿಗೆ ಹೊರಟಳು. ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ, ಎಲ್ಲ ಮೊದಲಿಂದ.

"ಹಳೇ ಮಾರ್ಕ್ಸು ಅಳಿಸಿಬಿಡ್ತಾರಾ?" ಎಂದೆ.

"ಇಲ್ಲ ಚಿಕ್ಕಮ್ಮ. ಹಳೇದೂ ಇರತ್ತೆ, ಹೊಸದೂ ಇರತ್ತೆ, ಎರಡನ್ನೂ ನೋಡ್ತಾರೆ. ಆದ್ರೆ ಸೀಟು ಸಿಗೋವರೆಗೂ ನೀನು ಯಾರ ಹತ್ರಾನೂ ಉಸಿರೆತ್ತಬಾರ್ದು."

ನಾನು! ಎರಡು ವರ್ಷ! ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ಊಟದ ಮೇಜಿನ ತುಂಬ ಅವಳ ಪುಸ್ತಕ. ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆ. ಅರ್ಥವಾಗದಿದ್ದರೆ ಮೇಷ್ಟ್ರ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದಳು. ಎಲ್ಲದರಲ್ಲೂ ಎ ಗ್ರೇಡ್ ತಂದಳು. ಚಿನ್ನ ಕಣ್ರೀ ನನ್ನ ಹುಡುಗಿ!

ಮೆಡಿಕಲ್ ಕಾಲೇಜಿನ ಸಂದರ್ಶನದ ಹಿಂದಿನ ದಿನ ಹೇಳಿಕೊಟ್ಟೆ: "ಹಳೇ ಫೇಲಿನ ಬಗ್ಗೆ ಕೇಳಿದ್ರೆ, ಆಗ ಅಮ್ಮಂಗೆ ಹುಷಾರಿರ್ಲಿಲ್ಲ ಅಂದ್ಬಿಡು."

"ಸುಳ್ಳು ಹೇಳಿ ಡಾಕ್ಟರಾಗ್ಲಾ?" ಎಂದಳು.

ಶುಕ್ರವಾರ ಫೋನ್ ಬಂತು. ಸೀಟು ಸಿಕ್ಕಿತು! ಅಡುಗೆಮನೆಯಲ್ಲೇ ಕುಣಿದೆ. ಒಡೆಸ್ಸಾಗೆ ಫೋನ್ ಮಾಡಲು ಹೊರಟರೆ ಕೊರಿಂತಿಯಾ ಕಿತ್ತುಕೊಂಡಳು. "ಭಾನುವಾರದವರೆಗೆ ತಡ್ಕೋ. ನಾನೂ ಬರ್ತೀನಿ." ಆ ಎರಡು ವರ್ಷಕ್ಕಿಂತ ಈ ಎರಡು ದಿನ ಕಷ್ಟವಾಯಿತು.

ಭಾನುವಾರ ಪಾಸ್ಟರ್, "ದೇವರ ಉಪಕಾರ ಹೇಳ್ಕೊಳ್ಳೋರು ಯಾರಿದ್ದೀರಿ?" ಎಂದಾಗ ಅವಳು ಎದ್ದು ನಿಂತಳು.

"ನಾನು ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದೆ. ನೀವೆಲ್ಲ ಆಗ್ಲೇ ಡಾಕ್ಟರ್ ಅಂತ ಕರೀತಿದ್ರಿ. ಡಾಕ್ಟರ್ ಅನ್ನಿಸ್ಕೊಂಡೋಳು 'ನಂಗೆ ಅರ್ಥ ಆಗ್ಲಿಲ್ಲ' ಅಂತ ಯಾರನ್ನ ಕೇಳೋದು? ನಾಚ್ಕೊಂಡು ಸುಮ್ನಾದೆ. ಈ ಸಲ ಕೇಳ್ದೆ. ಸಂದರ್ಶನದಲ್ಲೂ ಇದನ್ನೇ ಹೇಳ್ದೆ." ನನ್ನ ಕಡೆ ತಿರುಗಿದಳು. "ಮಿಕ್ಕಿದ್ದು ನೀನು ಹೇಳು ಚಿಕ್ಕಮ್ಮ. ಪಾಪ, ಎಷ್ಟು ದಿನದಿಂದ ಬಾಯಿ ಮುಚ್ಕೊಂಡಿದ್ದೀಯ."

ಎದ್ದೆ. ಚರ್ಚಿಗೆಂದೇ ಹಾಕುವ ಟೋಪಿ ಸರಿಮಾಡಿಕೊಂಡೆ. ಬಾಯಿ ತೆರೆದೆ. ಗಂಟಲಿನಿಂದ ಒಂದಕ್ಷರ ಹೊರಡಬೇಕಲ್ಲ! ಹೆಮ್ಮೆಯಿಂದ ಎದೆ ಬಿರಿಯುತ್ತಿತ್ತು, ಕಣ್ಣೀರು ಬಳಬಳ ಸುರಿಯಿತು.

ಒಡೆಸ್ಸಾ ನನ್ನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ನೋವಿನ ಮಂಡಿಯನ್ನೂ ಮರೆತು ಎದ್ದು ಕೂಗಿದಳು: "ಸೀಟು ಸಿಕ್ಕಿದೆ ಕಣ್ರೋ! ನಮ್ಮ ಹುಡ್ಗಿಗೆ ಸೀಟು ಸಿಕ್ಕಿದೆ!"

ನಮ್ಮ ಹುಡುಗಿಯಂತೆ, ನಮ್ಮ! ಇರಲಿ ಬಿಡಿ, ಅವತ್ತೊಂದು ದಿನ ಅವಳಿಗೂ ಪಾಲು ಕೊಟ್ಟೆ.