ಅಕ್ಕನ ಪಾಲಿನ ಡಬ್ಬಿ

ನಾನು ಒಂದು ಸ್ಟೀಲ್ ಡಬ್ಬಿ. ಯಾವುದೋ ಕಾರ್ಖಾನೆಯಲ್ಲಿ ತಗಡು ಬಾಗಿ ಡಬ್ಬಿಯಾಯಿತಂತೆ. ಅದು ನನಗೆ ನೆನಪಿಲ್ಲ. ನನ್ನ ಮಟ್ಟಿಗೆ ನಾನು ಹುಟ್ಟಿದ್ದು ಗದಗಿನ ಪಾತ್ರೆ ಅಂಗಡಿಯಲ್ಲಿ, ಹೆಸರು ಕೊರೆಯುವ ಯಂತ್ರ ಗರ್ ಎಂದು ಮೈಮೇಲೆ ಹರಿದ ದಿನ.

ಕೊರೆಸಿದವನು ಶೇಖಪ್ಪ. ಅವನ ಅಪ್ಪ ತೀರಿಹೋಗಿ ಆಗ ಒಂಬತ್ತು ವರ್ಷ. ಅಪ್ಪನ ಹೊಲ ಉಳುತ್ತಿದ್ದವನು ಅವನೇ. ಅಲ್ಲಿ ಬೆಳೆದ ಶೇಂಗಾದಲ್ಲಿ ಅಕ್ಕ ಫಕೀರವ್ವನ ಪಾಲು ಪ್ರತಿ ಪಂಚಮಿಗೆ ಅವಳ ಮನೆಗೆ ಗಂಟಿನಲ್ಲಿ ಹೋಗುತ್ತಿತ್ತು. ಆ ವರ್ಷ ಬೀಗರೆದುರು ಮೆರೆಯಬೇಕೆನಿಸಿ ನನ್ನನ್ನು ಕೊಂಡ.

"ಬರೇ ಹೆಸರು ಸಾಕಲ್ರೀ?" ಎಂದ ಅಂಗಡಿಯವನು.

"ಪೂರಾ ಕೊರಿಯಪಾ. ಶೇಖಪ್ಪ ಅಕ್ಕನ್ನ ಮರತಿಲ್ಲ ಅಂತ ಬೀಗರ ಮಂದಿ ಓದ್ಲಿ."

ಹಾಗಾಗಿ ನನ್ನ ಹೊಟ್ಟೆಯ ತುಂಬ ಅಕ್ಷರ: 'ಅಪ್ಪನ ಹೊಲದಾಗ ಅಕ್ಕ ಫಕೀರವ್ವನ ಪಾಲು. ತಮ್ಮ ಶೇಖಪ್ಪ. ಪಂಚಮಿ ೨೦೧೨.'

ಫಕೀರವ್ವ ಖಡಕ್ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ಹೆಂಗಸು. ಗಂಡ ಹಾಸಿಗೆ ಹಿಡಿದಿದ್ದ. ಆದರೂ ಒಮ್ಮೆಯೂ ನನ್ನನ್ನು ತಮ್ಮನ ಮನೆಗೆ ಖಾಲಿ ಕಳಿಸಲಿಲ್ಲ. ಪಾತ್ರೆ ಬರಿದಾಗಿ ಮರಳಿಸಬಾರದೆಂಬುದು ಆ ಕಡೆಯ ರೂಢಿ. ಬೆಲ್ಲವಿದ್ದರೆ ಬೆಲ್ಲ, ಇಲ್ಲದಿದ್ದರೆ ನಾಲ್ಕು ರೊಟ್ಟಿ. ಆ ಕೈಯ ಮೇಲೆ ನನಗೆ ಆಗಲೇ ಅಭಿಮಾನ ಹುಟ್ಟಿತ್ತು.

ಮೂರು ಪಂಚಮಿ ತುಂಬಿಕೊಂಡು ಹೋದೆ. ನಾಲ್ಕನೆಯದಕ್ಕೆ ಶೇಖಪ್ಪ ನನ್ನನ್ನು ಖಾಲಿಯೇ ಬಸ್ಸಿಗೆ ಹಾಕಿದ. ಕಂಡಕ್ಟರ್ ತಲೆ ತಗ್ಗಿಸಿಕೊಂಡು ಮಾತು ಒಪ್ಪಿಸಿದ: "ಯವ್ವಾ, ಹೊಲ ಇನ್ಮ್ಯಾಲೆ ಪೂರಾ ತನ್ನದ ಅಂತ ನಿನ್ನ ತಮ್ಮ ಹೇಳ್ಯಾನ. ಅಪ್ಪ ಸತ್ತು ಹನ್ನೆರಡು ವರ್ಷ ತುಂಬಿದ್ವಂತ. ನೀ ಕೋರ್ಟಿಗೆ ಹೋದ್ರೂ ನಡಿಯಂಗಿಲ್ಲಂತ."

ಫಕೀರವ್ವ ಮುಚ್ಚಳ ತೆಗೆದು ಒಳಗೆ ಕೈ ಹಾಕಿ ತಳ ಮುಟ್ಟಿ ನೋಡಿದಳು. ನನಗೆ ಬಹಳ ನಾಚಿಕೆಯಾಯಿತು. ಅವಳು ನನ್ನನ್ನು ತೊಳೆದು, ಅವತ್ತಿನ ರೊಟ್ಟಿ ತುಂಬಿಕೊಂಡು ಮಾರಲು ಹೊರಟಳು.

ವಾಯಿದೆ ಮುಗಿಯಿತೆಂಬ ಮಾತನ್ನು ಎರಡು ವರ್ಷ ನಂಬಿದ್ದಳು. ಕೋರ್ಟಿನ ಹತ್ತಿರ ವಕೀಲರ ಊಟಕ್ಕೆ ರೊಟ್ಟಿ ಕೊಡುತ್ತಿದ್ದಾಗ, ಸರೋಜಾ ವಕೀಲರು ಒಂದು ದಿನ ನನ್ನ ಹೊಟ್ಟೆಯ ಮೇಲಿನ ಅಕ್ಷರ ಓದಿದರು.

"ಇದನ್ನ ಯಾರು ಕೊರಿಸಿದ್ದವ್ವಾ?"

ಫಕೀರವ್ವ ಎಲ್ಲವನ್ನೂ ಹೇಳಿದಳು.

"ಅಪ್ಪ ಸತ್ತ ದಿನದಿಂದ ಎಣಿಸೂದಲ್ಲವ್ವಾ. ಪಾಲಿನಿಂದ ನಿನ್ನ ಹೊರಗ ಹಾಕ್ಯಾರ ಅಂತ ನಿನಗ ಗೊತ್ತಾದ ದಿನದಿಂದ ಹನ್ನೆರಡು ವರ್ಷ."

"ಅಂದ್ರ ಖಾಲಿ ಡಬ್ಬಿ ಬಂದ ದಿನದಿಂದ?"

"ಹೌದು. ನಿನಗಿನ್ನೂ ಹತ್ತು ವರ್ಷ ಅದಾವ. ಅಲ್ಲೀಮಟ ನಿನ್ನ ಪಾಲು ಒಪ್ಪಿದ್ದ ಅನ್ನೂದಕ್ಕ ಈ ಡಬ್ಬೀನ ಸಾಕ್ಷಿ."

ಫಕೀರವ್ವ ದಾವೆ ಹೂಡಿದಳು. ಸಾಕ್ಷಿಯ ವಸ್ತುವೆಂದು ನನಗೆ ನಿಶಾನೆಯ ಚೀಟಿ ಅಂಟಿಸಿ ಕೋರ್ಟಿನ ಮೇಜಿನ ಮೇಲೆ ಇಟ್ಟರು. ಶೇಖಪ್ಪ ಕಟಕಟೆಯಲ್ಲಿ ನಿಂತು, "ಅಪ್ಪ ಹೋದಾಗಿಂದ ಅಕ್ಕಗ ಹೊಲದಾಗ ಏನೂ ಕೊಟ್ಟಿಲ್ರೀ" ಎಂದ. ಸರೋಜಾ ವಕೀಲರು ನನ್ನನ್ನು ಎತ್ತಿ ಅವನ ಕೈಗಿತ್ತರು. ಓದಲು ಹೇಳಿದರು. ತಾನೇ ಹಟ ಹಿಡಿದು ಕೊರೆಸಿದ ಸಾಲನ್ನು ಅವನು ತಡವರಿಸುತ್ತ ಓದಿದ.

"ಯಾರು ಕೊರಿಸಿದ್ದು?"

ಅವನು ಅಕ್ಕನ ಕಡೆ ನೋಡಿದ. "ನಾನ ರೀ."

ಇನ್ನೊಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅವನೂ ಅವಳ ತಮ್ಮನೇ.

ಕೋರ್ಟಿನ ಕಪಾಟಿನಲ್ಲಿ ಐದು ವರ್ಷ ಧೂಳು ತಿಂದೆ. ಕೊನೆಗೆ ತೀರ್ಪಾಗಿ ಅರ್ಧ ಹೊಲ ಫಕೀರವ್ವನಿಗೆ ಬಂತು. ಅವಳೇ ಬಂದು ನನ್ನನ್ನು ಬಿಡಿಸಿಕೊಂಡು ಹೋದಳು. ತನ್ನ ಪಾಲಿನ ಮೊದಲ ಶೇಂಗಾ ನನ್ನ ಬಾಯಿಮಟ ತುಂಬಿ, ನೆಟ್ಟಗೆ ತಮ್ಮನ ಮನೆಗೆ ನಡೆದಳು.

"ಇದ್ಯಾಕ ಅಕ್ಕಾ?" ಎಂದ ಅವನು.

"ಡಬ್ಬಿ ನಿಂದಲ್ಲೇನೋ? ಖಾಲಿ ಹೆಂಗ ಕೊಡ್ಲಿ?"

ಈಗ ನನಗೆ ಮುದಿತನ. ಮುಚ್ಚಳ ಸಡಿಲ, ಒಂದು ಹಿಡಿಕೆ ಕಳಚಿದೆ, ಚೀಟಿಯ ಅಂಟು ಇನ್ನೂ ಹೋಗಿಲ್ಲ. ಶೇಖಪ್ಪನ ಅಡುಗೆಮನೆಯ ಮೂಲೆಯಲ್ಲಿ ಕೂತು ಆ ಹೆಂಗಸನ್ನು ನೆನೆಯುತ್ತೇನೆ. ಹಕ್ಕನ್ನು ಬಿಡಲಿಲ್ಲ, ರೂಢಿಯನ್ನೂ ಬಿಡಲಿಲ್ಲ. ಅಂಥವಳ ಹೆಸರು ಹೊತ್ತು ಬಾಳಿದೆನಲ್ಲ ಎಂದು ಹೆಮ್ಮೆಯಾಗುತ್ತದೆ.

ನಾಳೆ ಪಂಚಮಿ. ಇವತ್ತು ಬೆಳಿಗ್ಗೆ ಶೇಖಪ್ಪ ನನ್ನನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಾನೇ ತಿಕ್ಕಿದ. ಅಕ್ಕನ ಹೆಸರಿನ ಮೇಲೆ ಎರಡು ಸಲ ತಿಕ್ಕಿದ. ಆಮೇಲೆ ಹೆಂಡತಿಯನ್ನು ಕೂಗಿ ಹೇಳಿದ:

"ಉಂಡಿ ಕಟ್ಟಿದ್ದು ತಾ. ಬಸ್ಸಿಗೆ ಹಾಕೂದು ಬ್ಯಾಡ. ನಾನ ಹೋಗಿ ಕೊಟ್ಟು ಬರ್ತೀನಿ."