ಕೊನೆಯ ರೀಲು ನೋಡದವನು

ಏಡಿಗಳು ಹೊಳೆ ಬಿಟ್ಟು ದಡ ಹತ್ತುತ್ತಿದ್ದವು. ಒಂದೆರಡಲ್ಲ, ಕಾಲಿಡಲು ಜಾಗವಿಲ್ಲದಷ್ಟು. ಮಾವಿನಕುರ್ವೆಯ ಊರಿಗೆ ಊರೇ ಬುಟ್ಟಿ, ಕೊಡ, ಬಚ್ಚಲಿನ ಬಕೆಟು ಹಿಡಿದು ಓಡಿತು. ಬಲೆ ಹಾಕದೆ ಸಿಕ್ಕಿದ ಸಾರು ಯಾರಿಗೆ ಬೇಡ ಹೇಳಿ?

ಮಾಬ್ಲೇಶ್ವರ ಮಾತ್ರ ಬುಟ್ಟಿ ಮುಟ್ಟಲಿಲ್ಲ. ಅವನು ಹೊನ್ನಾವರದ ಟಾಕೀಸೊಂದರಲ್ಲಿ, ಅದು ಬಾಗಿಲು ಹಾಕುವವರೆಗೂ, ಪಿಕ್ಚರ್ ಬಿಡುತ್ತಿದ್ದ ಆಪರೇಟರು. ಬೆಳಗಿನ ಆಟಕ್ಕೆ ಹಳೆಯ ಇಂಗ್ಲಿಷ್ ವಿಜ್ಞಾನದ ಪಿಕ್ಚರುಗಳು ಬರುತ್ತಿದ್ದವು. ಒಂದರಲ್ಲಿ ಕಾರ್ಖಾನೆಯ ಹೊಗೆಗೆ ಹಗಲೇ ಕಪ್ಪಾಗುತ್ತಿತ್ತು, ಇನ್ನೊಂದರಲ್ಲಿ ಕೊಳೆತ ಸಮುದ್ರ ಊರೊಳಗೆ ಬರುತ್ತಿತ್ತು. ಮಾತು ಒಂದೂ ತಿಳಿಯದಿದ್ದರೂ ಅವುಗಳ ಕ್ರಮ ಅವನಿಗೆ ಬಾಯಿಪಾಠ. ಮೊದಲು ಪ್ರಾಣಿಗಳು ಜಾಗ ಬಿಡುತ್ತವೆ, ಜನ ನಗುತ್ತಾರೆ. ಒಬ್ಬ ಮಾತ್ರ ಕೂಗುತ್ತಾನೆ, ಅವನ ಮಾತನ್ನು ಯಾರೂ ಕೇಳುವುದಿಲ್ಲ.

ಆ ಒಬ್ಬ ತಾನೇ ಎಂದು ಈ ಪುಣ್ಯಾತ್ಮ ಎಂದೋ ತೀರ್ಮಾನಿಸಿಬಿಟ್ಟಿದ್ದ. ಕಾಗೆ ಕಮ್ಮಿಯಾದ ವರ್ಷ ಕೂಗಿದ. ಹೊಳೆಯಲ್ಲಿ ನೊರೆ ಕಂಡಾಗ ಊರನ್ನೇ ಎಬ್ಬಿಸಿದ, ನೋಡಿದರೆ ಯಾರೋ ಮದುವೆಮನೆಯ ಜಮಖಾನ ಒಗೆದಿದ್ದರು. ಅಂದಿನಿಂದ ಅವನು ಟಾಕೀಸಣ್ಣ.

ಈಗ ಹೆಂಡತಿ ಸೋಮಿ ಹೊಳೆಯ ನಡುವಿನ ಮರಳದಿಬ್ಬದ ಮೇಲೆ ಸಾರಿಗಾಗುವ ಬಳಚು ಚಿಪ್ಪು ಹೆಕ್ಕುತ್ತಿದ್ದಳು. ಜೊತೆಯವರೆಲ್ಲ ಕುಮಟೆಗೆ ಮದುವೆಗೆ ಹೋಗಿದ್ದರಿಂದ ಒಬ್ಬಳೇ. ಇಳಿತದಲ್ಲಿ ಅವಳನ್ನು ಬಿಟ್ಟು ಬಂದ ದೋಣಿಯ ಲೋಕೇಶ ಇಲ್ಲಿ ಏಡಿ ಹಿಡಿಯುತ್ತಿದ್ದ.

"ಲೋಕೇಶಾ, ಏಡಿ ಸುಮ್ನೆ ಬರೂದಿಲ್ಲ. ನೀರಲ್ಲಿ ಎಂತದೋ ಆಗದೆ. ದೋಣಿ ತೆಗಿ."

"ಟಾಕೀಸಣ್ಣಂದು ಪಿಕ್ಚರ್ ಶುರು ಆತು," ಎಂದು ಲೋಕೇಶ ನಕ್ಕ. "ಹೊಳೀಗೆ ಭರತ ಏರೂಕೆ ಇನ್ನೂ ಹೊತ್ತು ಅದೆ. ನೀವೂ ನಾಕು ಹೆಕ್ಕಿ."

ಮಾಬ್ಲೇಶ್ವರ ಬಗ್ಗಿ ನೀರಿಗೆ ಬೆರಳದ್ದಿ ನೆಕ್ಕಿದ. ಹೊಳೆಗೆ ಇಳಿಯುವ ಮೊದಲು ಅಲ್ಲಿಯವರು ಮಾಡುವುದೇ ಹಾಗೆ. ಉಪ್ಪಿದ್ದರೆ ಚಿಪ್ಪಿಗೆ ಜೀವವಿದೆ ಎಂದು ಅರ್ಥ. ಮಳೆಗಾಲವಲ್ಲದ ಈ ದಿನಗಳಲ್ಲಿ ಇಳಿತದಲ್ಲೂ ಉಪ್ಪು ಇರಲೇಬೇಕು. ಇಂದು ನೀರು ಬಾವಿ ನೀರಿನ ಹಾಗೆ ಸಪ್ಪೆ. ಅವನು ಹೊಳೆ ಇಳಿದು ಬರುವ ಗೇರುಸೊಪ್ಪದ ಕಡೆ ನೋಡಿದ. ಹೊತ್ತಲ್ಲದ ಹೊತ್ತಿನಲ್ಲಿ ಮಳೆಮೋಡ ಕವಿದು ಘಟ್ಟ ಪೂರಾ ಕಪ್ಪಾಗಿತ್ತು. ಅಲ್ಲಿ ಸುರಿದದ್ದು ಇಲ್ಲಿಗೆ ಹೊರಟಿದೆ, ಏಡಿಗಳಿಗೆ ಮೊದಲೇ ಗೊತ್ತಾಗಿದೆ.

ಪಿಕ್ಚರಿನ ಮನುಷ್ಯ ಕೂಗುತ್ತಲೇ ಹೊತ್ತು ಕಳೆಯುತ್ತಿದ್ದ. ಮಾಬ್ಲೇಶ್ವರ ಕೂಗಲಿಲ್ಲ. ಲೋಕೇಶನ ದೋಣಿಯ ಹಗ್ಗ ಬಿಚ್ಚಿ ಹುಟ್ಟು ಹಾಕಿದ. ಹಿಂದೆ ಯಾರೋ ಸಿಳ್ಳೆ ಹೊಡೆದರು.

ದಿಬ್ಬ ಆಗಲೇ ಅರ್ಧ ಮುಳುಗಿತ್ತು. ಭರತವೇ ಬೇಗ ಏರಿತೆಂದುಕೊಂಡು ಸೋಮಿ ಮೊಣಕಾಲು ನೀರಲ್ಲಿ ನಿಂತು ಹೆಕ್ಕುತ್ತಲೇ ಇದ್ದಳು.

"ಎಂತ್ರಾ, ಈಗ್ಲೇ ಬಂದ್ರಿ?"

"ಹತ್ತು ಬೇಗ. ನೆರೆ ಬತ್ತಾ ಅದೆ."

"ಬುಟ್ಟಿ ತುಂಬ್ಲಿ. ನಿಮ್ಮ ಕಾಗೆ ಕಥೆ ನಂಗೆ ಗೊತ್ತದೆ."

ಅವನಿಗೆ ಅಳುವೇ ಬಂತು. ಕಾಗೆಗೆ, ನೊರೆಗೆ ಎಂದು ಕೂಗಿ ಕೂಗಿ, ಇವಳೊಬ್ಬಳಿಗೆ ಹೇಳಬೇಕಾದಾಗ ನಂಬುವಂಥ ಮಾತೇ ಅವನ ಬಳಿ ಉಳಿದಿರಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ಅವಳ ಬಾಯಿಗೆ ಹಿಡಿದ.

"ನನ್ನ ನಂಬಬೇಡ ಮಾರಾಯ್ತಿ. ನೆಕ್ಕಿ ನೋಡು."

ಸೋಮಿ ನೆಕ್ಕಿದಳು. ಬುಟ್ಟಿಯನ್ನು ಅಲ್ಲೇ ಬಿಟ್ಟು ದೋಣಿ ಹತ್ತಿದಳು.

ಅವರು ಅರ್ಧ ಹೊಳೆ ದಾಟುವಷ್ಟರಲ್ಲಿ ಕೆಂಪು ನೀರು ಬಂತು. ಬೇರುಸಹಿತ ಮರವೊಂದು ದೋಣಿಯನ್ನು ಉಜ್ಜಿಕೊಂಡೇ ಹೋಯಿತು. ಸೋಮಿ ಗಂಡನ ಅಂಗಿ ಹಿಡಿದುಕೊಂಡು ದೇವರ ಹೆಸರು ಹೇಳುತ್ತಿದ್ದಳು. ದಡದಲ್ಲಿ ಲೋಕೇಶ ಎದೆಮಟ್ಟ ನೀರಿಗಿಳಿದು ಹಗ್ಗ ಎಳೆದುಕೊಂಡ. ದಿಬ್ಬ ಎಲ್ಲಿತ್ತೆಂದು ತೋರಿಸಲು ಗುರುತೂ ಉಳಿದಿರಲಿಲ್ಲ.

ನೆರೆ ಇಳಿದ ಮೇಲೆ ದಿಬ್ಬ ಮತ್ತೆ ಎದ್ದಿತು. ಅದರ ತುಂಬ ಬಳಚುಗಳು ಬಾಯಿ ಬಿಟ್ಟುಕೊಂಡು ಸತ್ತು ಬಿದ್ದಿದ್ದವು. ನಾತ ಅಡುಗೆಮನೆಯವರೆಗೂ ಬರುತ್ತಿತ್ತು. ಟಾಕೀಸಣ್ಣ ಎಂದು ಈಗ ಯಾರೂ ಕರೆಯುತ್ತಿರಲಿಲ್ಲ. ಊರು ತನ್ನನ್ನು ನಂಬತೊಡಗಿದ್ದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸೋಮಿ ದಿನವೂ ದಡಕ್ಕೆ ಹೋಗಿ ಬೆರಳು ನೆಕ್ಕಿ ನೋಡುತ್ತಿದ್ದಳು. ಉಪ್ಪು ಇನ್ನೂ ಮರಳಿರಲಿಲ್ಲ. ಒಂದು ಸಂಜೆ ಬಂದವಳು ಗಂಡನ ಪಕ್ಕ ಕೂತಳು.

"ನಿಮ್ಮ ಪಿಕ್ಚರಲ್ಲಿ, ಇದಾದ ಮೇಲೆ ಎಂತ ಆಗ್ತದೆ?"

ಟಾಕೀಸಿನಲ್ಲಿ ಕೊನೆಯ ರೀಲು ಓಡಲು ಬಿಟ್ಟ ಕೂಡಲೇ ಮಾಬ್ಲೇಶ್ವರ ಪರದೆಗೆ ಬೆನ್ನು ಹಾಕಿ, ಮುಂದಿನ ಆಟಕ್ಕೆಂದು ಮೊದಲಿನ ರೀಲು ಹಿಂದಕ್ಕೆ ಸುತ್ತಲು ಕೂರಬೇಕಿತ್ತು.

"ಕೊನೆ ನಾ ನೋಡ್ಲಿಲ್ಲ ಸೋಮಿ," ಎಂದ. "ಒಂದರದ್ದೂ ನೋಡ್ಲಿಲ್ಲ."